ಕೀನ್ವಾ ಧಾನ್ಯವೂ ಲವಣಸಹಿಷ್ಣುತೆಯ ಹೇತುವಿಚಾರವೂ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಡುವೆ, ಪೆರು ಮತ್ತು ಬೊಲಿವಿಯಾ ದೇಶಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೩,೮೦೦ ಮೀಟರ್ ಎತ್ತರದಲ್ಲಿ ಟಿಟಿಕಾಕಾ ಎಂಬ ಮಹಾಸರೋವರವಿರುವುದು. ಅದರ ಸುತ್ತಣ ಪ್ರಸ್ಥಭೂಮಿಯಲ್ಲಿ ಬೇಸಾಯಗಾರರು ಐದು ಸಾವಿರ ವರ್ಷಗಳಿಗೂ ಹಿಂದಿನಿಂದ ಬೆಳೆದುಕೊಂಡು ಬಂದಿರುವ ಧಾನ್ಯವೇ ಕೀನ್ವಾ. ಅಲ್ಲಿಯ ಕೆಚುವಾ ಭಾಷೆಯ ‘ಕಿನ್ವ’ ಶಬ್ದವು ಸ್ಪೇನಿಯರ ಬರಹದಲ್ಲಿ ‘ಕಿನುಆ’, ‘ಕಿನೋಆ’ ಎಂದಾಗಿ, ಆ ಅಕ್ಷರಗಳನ್ನು ಇಂಗ್ಲಿಷಿನ ರೀತಿಯಲ್ಲಿ ಓದಿದವರ ಬಾಯಲ್ಲಿ ‘ಕ್ವಿನೋವಾ’ ಎಂದಾಯಿತು. ಮೂಲಕ್ಕೆ ಸಮೀಪವಾದ ರೂಪವನ್ನೇ ಇಲ್ಲಿ ಇಟ್ಟುಕೊಂಡಿದೆ. ಬೊಲಿವಿಯಾದ ದಕ್ಷಿಣಭಾಗದಲ್ಲಿ ಊಯೂನಿ ಎಂಬ ವಿಸ್ತಾರವಾದ ಉಪ್ಪಿನ ಬಯಲುಂಟು. ಅದರ ಅಂಚಿನ ಚೌಳು ನೆಲದಲ್ಲಿಯೂ ಈ ಬೆಳೆ ಬರುವುದು. ಇತರ ಪೈರುಗಳು ಕಮರಿಹೋಗುವಲ್ಲಿ ಇದು ಬದುಕುವುದಕ್ಕೆ ಕಾರಣವೇನು? ಈ ಪ್ರಶ್ನೆಗೆ ವಿದ್ವಾಂಸರು ಕೊಟ್ಟ ಉತ್ತರವೂ, ಆ ಉತ್ತರವು ಈಚೆಗೆ ಕದಲಿದ ಬಗೆಯೂ ವಿಚಾರಾರ್ಹವಾಗಿವೆ.

ಈ ಧಾನ್ಯದ ವಿಷಯವಾದ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಇಂಕಾ ಗಾರ್ಸಿಲಾಸೋ ದೆ ಲಾ ವೇಗನದು ಗಣ್ಯವಾದುದು. ಸ್ಪೇನಿನ ಯೋಧನೊಬ್ಬನಿಗೆ ಇಂಕಾ ರಾಜವಂಶದ ಸ್ತ್ರೀಯಲ್ಲಿ ೧೫೩೯ರಲ್ಲಿ ಕುಸ್ಕೋ ನಗರದಲ್ಲಿ ಜನಿಸಿದ ಈತನು ಯೌವನದಲ್ಲಿಯೇ ಸ್ಪೇನಿಗೆ ಹೋಗಿ ನೆಲಸಿ, ೧೬೦೯ರಲ್ಲಿ ಇಂಕಾ ಅರಸರ ಚರಿತ್ರೆಯನ್ನು ಪ್ರಕಟಿಸಿದನು. ನೆಲದ ಮೇಲೆ ಬೆಳೆಯುವ ಧಾನ್ಯಗಳಲ್ಲಿ ಕೀನ್ವಾವಿಗೆ ಎರಡನೆಯ ಸ್ಥಾನವನ್ನು ಕೊಟ್ಟು, ಅದರ ಎಳೆಯ ಎಲೆಗಳನ್ನು ಅಲ್ಲಿಯ ಮೂಲನಿವಾಸಿಗಳೂ ಸ್ಪೇನಿಯರೂ ತಿನ್ನುವರೆಂದು ಆತನು ಹೇಳಿರುವನು. ತಾನು ಬಯಸಿ ತರಿಸಿಕೊಂಡ ಬೀಜವು ಬೇರೆ ಬೇರೆ ಕಾಲಗಳಲ್ಲಿ ಬಿತ್ತಿದರೂ ಮೊಳೆಯಲಿಲ್ಲವೆಂದೂ ಬರೆದಿಟ್ಟಿರುವನು. ಸ್ಪೇನಿಯರು ಈ ಬೆಳೆಯನ್ನು ನಿಷೇಧಿಸಿದರೆಂದು ಜನಪ್ರಿಯ ಬರಹಗಳು ಸಾರುತ್ತಿರುವುವು. ಸ್ಪೇನಿಯರೇ ಅದರ ಸೊಪ್ಪನ್ನು ಮೆಚ್ಚಿ ತಿನ್ನುತ್ತಿದ್ದರೆಂಬ ಈ ಮಾತು ಆ ಕಥೆಗೆ ಅಷ್ಟಾಗಿ ಒಗ್ಗುವುದಿಲ್ಲ.

ಕೀನ್ವಾ ತೃಣಜಾತಿಯದಲ್ಲ. ಆಯುರ್ವೇದಗ್ರಂಥಗಳ ವಿಭಾಗದಂತೆ ನೋಡಿದರೆ ಇದು ಶೂಕಧಾನ್ಯವೂ ಆಗದು, ಶಮೀಧಾನ್ಯವೂ ಆಗದು; ದಂಟಿನ ಕುಟುಂಬಕ್ಕೆ ಸೇರಿದ ಸೊಪ್ಪಿನ ಗಿಡವಿದು. ಇದರ ಸೋದರಸಸ್ಯವು ಕನ್ನಡನಾಡಿನಲ್ಲಿ ಚಕ್ಕೋತಸೊಪ್ಪು, ಚಕ್ರವರ್ತಿಸೊಪ್ಪು ಎಂಬ ಹೆಸರುಗಳಿಂದ ಪರಿಚಿತವಾಗಿರುವುದು. ಸಂಸ್ಕೃತದಲ್ಲಿ ಅದೇ ವಾಸ್ತುಕ. ಚರಕಸಂಹಿತೆಯ ಸೂತ್ರಸ್ಥಾನದ ಶಾಕವರ್ಗದಲ್ಲಿ ಅದರ ಉಲ್ಲೇಖವಿದೆ. ಭಾವಪ್ರಕಾಶಕಾರನು ಅದಕ್ಕೆ ಕ್ಷಾರಪತ್ರವೆಂದೂ ಶಾಕರಾಟ್ ಎಂದೂ ಪರ್ಯಾಯಗಳನ್ನು ಹೇಳಿರುವನು. ‘ಶಾಕರಾಟ್’ ಎಂಬುದಕ್ಕೂ ಕನ್ನಡದ ‘ಚಕ್ರವರ್ತಿ’ಗೂ ಇರುವ ಹೋಲಿಕೆ ಆಕಸ್ಮಿಕವೋ ಅಲ್ಲವೋ ಭಾಷಾಜ್ಞರು ನಿರ್ಣಯಿಸತಕ್ಕದ್ದು. ಪ್ರಕೃತಕ್ಕೆ ‘ಕ್ಷಾರಪತ್ರ’ವೇ ಮುಖ್ಯವಾದುದು. ಈ ಕುಲದ ಗಿಡಗಳ ಎಲೆಯಲ್ಲಿ ಕ್ಷಾರಗುಣವಿರುವುದನ್ನು ಹೆಸರಿಟ್ಟವರು ನಾಲಗೆಯಿಂದಲೇ ಅರಿತಿದ್ದಿರಬೇಕು. ಆ ಎಲೆಗಳ ಮೇಲೆ, ವಿಶೇಷವಾಗಿ ಅಡಿಭಾಗದಲ್ಲಿ, ಹಿಟ್ಟು ಉದುರಿಸಿದಂತೆ ಕಾಣುವ ಸಣ್ಣ ಸಣ್ಣ ಗುಳ್ಳೆಗಳಿರುವುವು. ಮುಂದೆ ಬಂದ ವಾದವೆಲ್ಲವೂ ಈ ಗುಳ್ಳೆಗಳನ್ನು ಕುರಿತದ್ದು.

ಕೀನ್ವಾವಿಗೆ ಶಾಸ್ತ್ರೀಯ ನಾಮವನ್ನು ಕೊಟ್ಟವನು ೧೮ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ವಿಲ್ಡೆನೋ ಎಂಬ ಸಸ್ಯಶಾಸ್ತ್ರಜ್ಞ. ಇದರ ಜೀವಕೋಶದಲ್ಲಿ ೩೬ ವರ್ಣತಂತುಗಳಿರುವುವು. ತಲಾ ೧೮ ವರ್ಣತಂತುಗಳುಳ್ಳ ಎರಡು ಪೂರ್ವಜಾತಿಗಳ ಸಂಕರದಿಂದ ಇದು ಹುಟ್ಟಿತೆಂಬುದು ಸಿದ್ಧವಾದ ಸಂಗತಿ. ೨೦೧೭ರ ಫೆಬ್ರವರಿಯಲ್ಲಿ, ಸೌದಿ ಅರೇಬಿಯಾದ ಕೆಂಪುಸಮುದ್ರದ ದಡದಲ್ಲಿರುವ ದೊರೆ ಅಬ್ದುಲ್ಲಾ ವಿಶ್ವವಿದ್ಯಾನಿಲಯದ ಪಂಡಿತರು ಇತರರೊಡಗೂಡಿ ಇದರ ಸಮಗ್ರ ವಂಶವಾಹಿಪಾಠವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಕರವು ೩೩ ಲಕ್ಷದಿಂದ ೬೩ ಲಕ್ಷ ವರ್ಷಗಳ ಹಿಂದೆ ನಡೆದಿರಬೇಕೆಂದು ಅವರ ಗಣನೆ. ಕಾಳಿನ ಹೊರಗವಚದಲ್ಲಿ ಕಹಿಯನ್ನುಂಟುಮಾಡುವ ಸಾಪೋನಿನ್ ಎಂಬ ದ್ರವ್ಯವನ್ನು ನಿಯಂತ್ರಿಸುವ ವಂಶವಾಹಿಯನ್ನೂ ಅವರು ಗುರುತಿಸಿದರು. ಈ ದ್ರವ್ಯವು ಅಂಟುವಾಳದ ಕಾಯಿಯಂತೆ ನೊರೆಗಟ್ಟುವುದು. ಆದುದರಿಂದಲೇ ಕಾಳನ್ನು ತಿಕ್ಕಿ ತೊಳೆಯದೆ ಬೇಯಿಸುವಂತಿಲ್ಲ.

ಪೋಷಣಗುಣವು ಈಗ ಲೋಕವಿದಿತವಾಗಿರುವುದರಿಂದ ವಿಸ್ತರವು ಅನಾವಶ್ಯಕ. ೧೦೦ ಗ್ರಾಂ ಕಾಳಿನಲ್ಲಿ ಸುಮಾರು ೧೪ ಗ್ರಾಂ ಪ್ರೋಟೀನಿದ್ದು, ಅಕ್ಕಿಗೋದಿಗಳಲ್ಲಿ ಅಲ್ಪವಾಗಿರುವ ಲೈಸೀನ್ ಎಂಬ ಅಂಶವು ಇದರಲ್ಲಿ ಸಾಕಷ್ಟಿರುವುದು. ಬೊಲಿವಿಯಾದ ಸೂಚನೆಯಂತೆ ಸಂಯುಕ್ತ ರಾಷ್ಟ್ರಸಂಸ್ಥೆಯು ೨೦೧೩ನ್ನು ಕೀನ್ವಾವರ್ಷವೆಂದು ಆಚರಿಸಿತು.

ಇನ್ನು ಲವಣಸಹಿಷ್ಣುತೆ. ಕೆಲವು ತಳಿಗಳು ಸಮುದ್ರಜಲಕ್ಕೆ ಸಮೀಪವಾದ ಉಪ್ಪನ್ನೂ ತಾಳಬಲ್ಲವು. ಬೇರು ಹೀರಿದ ಉಪ್ಪನ್ನು ಗಿಡವು ಎಲೆಯ ಮೇಲಣ ಗುಳ್ಳೆಗಳಿಗೆ ಸಾಗಿಸಿ ಅಲ್ಲಿ ಸೆರೆಯಿಡುವುದೆಂದು ಬಹುಕಾಲ ನಂಬಲಾಗಿತ್ತು. ೨೦೧೭ರಲ್ಲಿಯೇ ಚೀನದೇಶದ ಸಂಶೋಧಕರು ಇನ್ನೊಂದು ತಳಿಯ ವಂಶವಾಹಿಪಾಠವನ್ನು ಪ್ರಕಟಿಸಿ, ಗುಳ್ಳೆಗಳಲ್ಲಿ ಕೆಲಸಮಾಡುವ ವಂಶವಾಹಿಗಳನ್ನು ಈ ಅಭಿಪ್ರಾಯಕ್ಕೆ ಆಧಾರವಾಗಿ ತೋರಿಸಿದರು. ಅದೇ ಕಾಲದಲ್ಲಿ ಬೇರೆ ಸಂಶೋಧಕರು ಗುಳ್ಳೆಗಳನ್ನು ಮೃದುವಾದ ಕುಂಚದಿಂದ ಉದುರಿಸಿ ನೋಡಲಾಗಿ, ಅಂತಹ ಗಿಡಗಳು ಉಪ್ಪಿನಿಂದ ಹೆಚ್ಚು ಬಾಧಿತವಾದುವು.

ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಅನ್ವಯವಿದ್ದಿತು: ಗುಳ್ಳೆಯಿರುವ ಗಿಡವು ಉಪ್ಪನ್ನು ತಾಳುವುದು. ವ್ಯತಿರೇಕವಾದರೋ ದುರ್ಬಲವಾಗಿದ್ದಿತು. ಕುಂಚದಿಂದ ಉಜ್ಜಿದ ಎಲೆಯು ಗುಳ್ಳೆಯನ್ನಷ್ಟೇ ಕಳೆದುಕೊಂಡಿತೆಂದು ಹೇಳಲಾಗದು. ಉಜ್ಜಿದ ಗಾಯವೇ ಬಾಧೆಗೆ ಹೇತುವಾಗಿರಬಹುದೆಂಬ ಶಂಕೆ ಉಳಿಯುವುದು. ಹುಟ್ಟಿನಿಂದಲೇ ಗುಳ್ಳೆಯಿಲ್ಲದ ಕೀನ್ವಾ ಗಿಡವು ದೊರೆತರೆ ಮಾತ್ರ ಶಂಕೆ ತೀರಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಅಂತಹ ವಿಕೃತಸಸ್ಯವನ್ನು ಪಡೆದು, ಉಪ್ಪುನೀರೆರೆದು ಪರೀಕ್ಷಿಸಿದ ಫಲವು ೨೦೨೨ರಲ್ಲಿ ಪ್ರಕಟವಾಯಿತು. ಗುಳ್ಳೆಯಿಲ್ಲದ ಗಿಡವು ಗುಳ್ಳೆಯಿರುವ ಗಿಡಕ್ಕಿಂತ ಕಡಿಮೆ ಸಹಿಷ್ಣುವಾಗಿರಲಿಲ್ಲ. ಹೇತುವಿಲ್ಲದೆಯೂ ಕಾರ್ಯವು ನಿಂತಿತೆಂದ ಮೇಲೆ ಅದು ಹೇತುವೆನಿಸಲಾರದು.

ಹಾಗಾದರೆ ಗುಳ್ಳೆಗಳ ಪ್ರಯೋಜನವೇನು? ಆ ವಿಕೃತಸಸ್ಯಗಳಿಗೆ ಥ್ರಿಪ್ಸ್ ಎಂಬ ನುಸಿಕೀಟಗಳು ಅತಿಯಾಗಿ ಮುತ್ತುವುದು ಕಂಡುಬಂದಿತು. ಗುಳ್ಳೆಗಳು ಕೀಟಗಳಿಗೆ ಅಡ್ಡಗೋಡೆಯಂತಿದ್ದು, ಆಕ್ಸಾಲಿಕ್ ಆಮ್ಲವೇ ಮೊದಲಾದ ವಿಷದ್ರವ್ಯಗಳನ್ನು ಧರಿಸಿರುವುವೆಂದು ಅದೇ ಪಂಡಿತರು ೨೦೨೩ರಲ್ಲಿ ನಿರೂಪಿಸಿದರು. ಉಪ್ಪನ್ನು ತಾಳುವ ಶಕ್ತಿಯನ್ನು ಬೇರೆಡೆಗಳಲ್ಲಿ ಹುಡುಕಬೇಕಾಗಿದೆ: ಬೇರಿನಿಂದ ಮೇಲಕ್ಕೆ ಹೋಗುವ ಸೋಡಿಯಮ್ಮಿನ ನಿಯಂತ್ರಣ, ಪೊಟ್ಯಾಸಿಯಮ್ಮನ್ನು ಬಿಡದೆ ಉಳಿಸಿಕೊಳ್ಳುವಿಕೆ, ಎಲೆಯ ಒಳಕೋಶಗಳಲ್ಲಿ ಲವಣದ ಸಂಚಯ. ಚೌಳುನೆಲಕ್ಕೆಂದು ಹೊಸ ತಳಿಯನ್ನು ಆರಿಸುವವರು ಗುಳ್ಳೆ ದಟ್ಟವಾಗಿರುವ ಗಿಡಗಳನ್ನೇ ಹುಡುಕಿದರೆ, ಅವರ ಪೈರಿಗೆ ಕೀಟಗಳ ಕಾಟವು ತಗ್ಗಬಹುದಲ್ಲದೆ ಉಪ್ಪಿನ ಬಾಧೆಯು ತಗ್ಗುವುದಿಲ್ಲ.