ಸುಳಾದಿಯ ಗತಿ: ಗಾಯನವಿಚಾರದ ಒಂದು ಟಿಪ್ಪಣಿ

ರಾಯಚೂರು ಜಿಲ್ಲೆಯ ಮಾನವಿ ಮತ್ತು ದೇವದುರ್ಗದ ಸೀಮೆ ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ನೆಲೆವೀಡು. ವಿಜಯದಾಸರು (1682–1755) ಮಾನವಿ ತಾಲ್ಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆಸಿದವರು. ಇವರ ಕೃತಿಗಳ ತತ್ತ್ವವನ್ನು ವಿದ್ವಾಂಸರು ಬಹುವಾಗಿ ಚರ್ಚಿಸಿದ್ದಾರೆ. ಅವುಗಳನ್ನು ಯಾವ ಗತಿಯಲ್ಲಿ ಹಾಡಬೇಕೆಂಬ ವಿಚಾರಕ್ಕೆ ಅಷ್ಟು ಗಮನ ದೊರೆತಿಲ್ಲ. ಹಾಡಾಗಿಯೇ ಹುಟ್ಟಿದ ಕೃತಿಗೆ ಇದು ಗೌಣವಾದ ಪ್ರಶ್ನೆಯಲ್ಲ.

ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಮುಂತಾದ ತಾಳಗಳಲ್ಲಿ ಒಂದೊಂದು ನುಡಿ ಸಾಗಿ, ಕಡೆಗೆ ಎರಡು ಸಾಲಿನ ಜತೆಯಲ್ಲಿ ಮುಗಿಯುವುದು ಸುಳಾದಿಯ ಸಾಮಾನ್ಯ ಲಕ್ಷಣ. ಪ್ರತಿಗಳಲ್ಲಿ ರಾಗತಾಳಗಳ ಹೆಸರುಂಟು. ಸ್ವರಲಿಪಿಯಿಲ್ಲ, ಕಾಲಪ್ರಮಾಣದ ಸೂಚನೆಯೂ ಇಲ್ಲ. ಆದುದರಿಂದ ಇಂದಿನ ಗಾಯಕನು ತನ್ನ ಕಚೇರಿಯ ರೂಢಿಯನ್ನೇ ಅದಕ್ಕೆ ತೊಡಿಸುತ್ತಾನೆ.

ಎಲ್ಲವನ್ನೂ ಬರೆದಿಟ್ಟಿದ್ದರೆ ತೊಡಕು ತೀರುತ್ತಿತ್ತೆ? ಹಾಗೆ ಹೇಳಲಾಗದು. ಪಿಯಾನೋ ವಾದ್ಯಕ್ಕಾಗಿ ಶೋಪಾನ್ ರಚಿಸಿ 1847ರಲ್ಲಿ ಪ್ರಕಟವಾದ ಪುಟ್ಟ ವಾಲ್ಟ್ಸ್ ನೃತ್ಯಗೀತವೊಂದಿದೆ. ಅದರಲ್ಲಿ ಪ್ರತಿಯೊಂದು ಸ್ವರವೂ ಲಿಖಿತ. ಬಹು ಚುರುಕಾಗಿ ನುಡಿಸಬೇಕೆಂಬ ಸೂಚನೆಯೂ ಲಿಖಿತ. ಮುಂದೆ ಅದಕ್ಕೆ 'ಮಿನಿಟ್ ವಾಲ್ಟ್ಸ್' ಎಂಬ ಅಡ್ಡಹೆಸರು ಅಂಟಿತು. ಆ ಇಂಗ್ಲಿಷ್ ಪದಕ್ಕೆ ಕಿರಿದೆಂಬ ಅರ್ಥವೂ ಉಂಟು; ಜನರು ಗಡಿಯಾರದ ನಿಮಿಷವೆಂದೇ ತಿಳಿದರು. ಒಂದು ನಿಮಿಷದಲ್ಲಿ ಮುಗಿಸುವ ಪಂತ ಹುಟ್ಟಿತು! ಒಂದೂವರೆ ಎರಡು ನಿಮಿಷಗಳಿಲ್ಲದೆ ಅದು ಸುಖವಾಗಿ ಸಾಗದು. ಓಡಿಸಿದರೆ ಎಡಗೈಯ ಮೂರೆಣಿಕೆಯ ನೃತ್ಯದ ಹೆಜ್ಜೆ ಅಳಿದುಹೋಗುತ್ತದೆ, ನಡುಭಾಗದ ನಿಧಾನವಾದ ರಾಗಭಾವವೂ ಕೆಡುತ್ತದೆ. ಎಡಗೈ ಕಾಲವನ್ನು ಕಾಯಬೇಕು, ಬಲಗೈ ಅದರ ಮೇಲೆ ತುಸು ಸ್ವತಂತ್ರವಾಗಿ ಚಲಿಸಬಹುದು ಎಂಬುದು ಶೋಪಾನನ ಬೋಧನೆಯೆಂದು ಅವನ ಶಿಷ್ಯರು ತಿಳಿಸಿದ್ದಾರೆ.

ನಮ್ಮ ದಾಸರ ಕೃತಿಗಳಲ್ಲಿ ಕಾಲವನ್ನು ಕಾಯುವುದು ಯಾವುದು? ಮಾತಿನ ಮಾತ್ರೆಯೆಂದೇ ನಮ್ಮ ಅಭಿಪ್ರಾಯ. ಜಗನ್ನಾಥದಾಸರ 'ಹರಿಕಥಾಮೃತಸಾರ' ಭಾಮಿನಿಯಲ್ಲಿದೆ. ಅದರ ಸಾಲು ಮೂರು ನಾಲ್ಕು ಮಾತ್ರೆಗಳ ಗಣಗಳಾಗಿ ನಡೆಯುತ್ತದೆ. ಎರಡು ಗಣ ಕೂಡಿದರೆ ಏಳು. ತ್ರಿಪುಟತಾಳದ ಆವರ್ತವೂ ಮೂರು, ಎರಡು, ಎರಡು ಸೇರಿ ಏಳು ಅಕ್ಷರ. ಈ ಮೂರು ನಾಲ್ಕರ ಒಡಕು ಕಿವಿಗೆ ಕೇಳಿಸುವಷ್ಟು ವೇಗವೇ ಯುಕ್ತವಾದ ವೇಗ. ಅದಕ್ಕಿಂತ ಎಳೆದರೆ ಪದ ಹರಿಯುತ್ತದೆ. ಓಡಿಸಿದರೆ ಪ್ರಾಸ ಮಾತ್ರ ಉಳಿದು ಅರ್ಥ ಹಿಂದೆ ಬೀಳುತ್ತದೆ.

ಸುಳಾದಿಯು ಷಟ್ಪದಿಯಲ್ಲ, ಅಲ್ಲಿ ಮಾತ್ರೆಯ ಕಟ್ಟು ಸಡಿಲ. ಪ್ರತಿ ನುಡಿಯನ್ನೂ ಮೊದಲು ವಾಚಿಸಿ, ಉಸಿರು ನಿಲ್ಲುವ ಎಡೆಗಳನ್ನು ಗುರುತಿಸಿಕೊಂಡು, ಅನಂತರ ತಾಳಕ್ಕೆ ಕೈಹಾಕುವುದು ಕ್ಷೇಮ. ಜತೆಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಕೊನೆಯದೆಂದು, ಚಿಕ್ಕದೆಂದು ಅದನ್ನು ದ್ರುತದಲ್ಲಿ ಹಾರಿಸಿಬಿಡುವುದುಂಟು. ಹಿಂದಿನ ಎಲ್ಲ ನುಡಿಗಳ ತಿರುಳು ಆ ಎರಡು ಸಾಲಿನಲ್ಲಿದೆ. ಅಂಕಿತ ಅಲ್ಲಿಯೂ ಬರುತ್ತದೆ.