ತಾಮ್ರದ ತಗಡಿನ ಮೇಲಿನ ಶ್ರೀರಂಗಪಟ್ಟಣ

ಟಿಪ್ಪುವಿನ ಕೊನೆಯ ದಿನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಕಾವೇರಿ ತೀರದಲ್ಲಿ ಹುಟ್ಟಿದ್ದಲ್ಲ. 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತೆರಡು ಇಪ್ಪತ್ತಮೂರರ ಯುವಕ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಶ್ರೀರಂಗಪಟ್ಟಣದ ಪತನವನ್ನು ಬರೆದು ಪ್ರದರ್ಶನಕ್ಕಿಟ್ಟ. ಆರು ವಾರಗಳಲ್ಲಿ ಅದನ್ನು ಮುಗಿಸಿದನೆಂದು ಪ್ರತೀತಿ. ಅವನು ಅದುವರೆಗೆ ಇಂಡಿಯಾಕ್ಕೆ ಬಂದವನೇ ಅಲ್ಲ. ಆ ಬಟ್ಟೆ ಈಗಿಲ್ಲ. ಇಟಲಿಯ ಜೊವಾನಿ ವೆಂಡ್ರಾಮಿನಿ ಅದನ್ನು ನೋಡಿ ಮೂರು ಭಾಗಗಳಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ಅಚ್ಚುಚಿತ್ರಗಳು ಉಳಿದುಕೊಂಡಿವೆ. ಇಂಥ ಅಚ್ಚುಚಿತ್ರಗಳನ್ನು ನಾವು ಕಣ್ಣಾರೆ ಕಂಡವರ ಸಾಕ್ಷಿಯೆಂದು ಓದುತ್ತ ಬಂದಿದ್ದೇವೆ. ನೆಲ, ನದಿ, ಗೋಡೆಗಳ ಮಟ್ಟಿಗೆ ಕೆಲವು ಚಿತ್ರಗಳನ್ನು ಹಾಗೆ ನಂಬಬಹುದು. ಮನುಷ್ಯರ ವಿಷಯಕ್ಕೆ ಬಂದರೆ, ಅವು ಕೊಳ್ಳುವವನು ನೋಡಬಯಸಿದ್ದನ್ನೇ ತೋರಿಸುತ್ತವೆ.

ಈ ಇಬ್ಬಗೆ ಶ್ರೀರಂಗಪಟ್ಟಣದ ಚಿತ್ರಗಳಿಂದ ಶುರುವಾದದ್ದಲ್ಲ. 1561ರಲ್ಲಿ ಆಂಟ್ವರ್ಪ್‌ನಲ್ಲಿ ಹಿಯರೊನಿಮಸ್ ಕಾಕ್ ಎಂಬ ಪ್ರಕಾಶಕ ಮೆಸ್ಸಿನಾ ಜಲಸಂಧಿಯ ನೌಕಾಯುದ್ಧದ ದೊಡ್ಡ ಅಚ್ಚುಚಿತ್ರವೊಂದನ್ನು ಹೊರತಂದ. ಬರೆದವನು ಪೀಟರ್ ಬ್ರೂಗೆಲ್, ಕೊರೆದವನು ಫ್ರಾನ್ಸ್ ಹುಯ್ಸ್. ಬ್ರೂಗೆಲ್ ಅದಕ್ಕೆ ಕೆಲವು ವರ್ಷ ಮುಂಚೆ ಇಟಲಿಯ ದಕ್ಷಿಣ ತುದಿಯವರೆಗೂ ತಿರುಗಿದ್ದ, ಹಾಗಾಗಿ ಕರಾವಳಿಯ ಬೆಟ್ಟಗಳು ಕಂಡ ಕಣ್ಣಿನವು. ಆದರೆ ಮಧ್ಯದಲ್ಲಿ ಹೊಗೆಯೆಬ್ಬಿಸಿ ಕಾದಾಡುವ ಹಡಗುಗಳು ಇಂಥದೇ ಯುದ್ಧದವು ಎಂದು ಖಚಿತವಾಗಿ ಹೇಳಲಾಗದು. ನೆಲ ನೋಡಿದ್ದು, ಕದನ ಕಟ್ಟಿದ್ದು. ಹತ್ತು ವರ್ಷಗಳ ನಂತರ, 1571ರ ಅಕ್ಟೋಬರ್ 7ರಂದು ಲೆಪಾಂಟೊ ಕದನ ನಡೆದಾಗ ವೆನಿಸ್, ರೋಮ್‌ಗಳ ಮುದ್ರಕರು ಗೆಲುವಿನ ಚಿತ್ರಗಳನ್ನು ಮಾರಾಟಕ್ಕಿಳಿಸಿದರು. ಯುದ್ಧವೊಂದು ಬೀದಿಯಲ್ಲಿ ಬಿಕರಿಯಾಗುವ ಸರಕಾಗಿತ್ತು. ಎರಡು ಶತಮಾನ ಕಳೆದ ಮೇಲೆ ನಮ್ಮ ಮಂಡ್ಯ ಸೀಮೆ ಅದೇ ಸಂತೆಗೆ ಬಂತು.

ಬಂದ ದಾರಿಯನ್ನು ನೋಡಬೇಕು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ದಂಡಿನ ಜೊತೆ ಚಿತ್ರಕಾರ ರಾಬರ್ಟ್ ಹೋಮ್ ಬಂದಿದ್ದ. ಅಲೆಕ್ಸಾಂಡರ್ ಅಲನ್ ಮತ್ತು ಮೋಜಣಿ ಬಲ್ಲ ಕೋಲ್‌ಬ್ರೂಕ್ ಇಬ್ಬರೂ ಸೇನಾಧಿಕಾರಿಗಳು. 1793-94ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದ ಇವರ ಮೈಸೂರು ಚಿತ್ರಮಾಲೆಗಳಲ್ಲಿ ಗುಡ್ಡದ ಏರು, ಕೋಟೆಯ ಕೊತ್ತಲ, ಹೊಳೆಯ ತಿರುವು ಅಳತೆಯ ಎಚ್ಚರದಿಂದ ಮೂಡಿವೆ. ದಂಡು ಹೋಗಬೇಕಾದ ನೆಲವದು, ತಪ್ಪು ಗೆರೆ ಎಳೆದರೆ ಪ್ರಾಣಕ್ಕೆ ಸಂಚಕಾರ. ಪೋರ್ಟರ್‌ಗೆ ಆ ಅಂಕೆ ಇರಲಿಲ್ಲ. ವೆಂಡ್ರಾಮಿನಿಯ ತಗಡನ್ನು ಹತ್ತಿರದಿಂದ ನೋಡಿದರೆ ಗೆರೆಗಳಿಗಿಂತ ಚುಕ್ಕಿಗಳೇ ಹೆಚ್ಚು: ಸಣ್ಣ ಮೊನೆಯಿಂದ ಸಾವಿರಾರು ಚುಕ್ಕಿ ಕುಟ್ಟಿ, ದಟ್ಟವಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು ತಂದ ಕೆಲಸ. ಆ ನಯದಿಂದಲೇ ಹೊಗೆ ಹೊಗೆಯಾಗಿ, ಮುಖ ಮುಖವಾಗಿ ಕಾಣುತ್ತದೆ. ಆದರೆ ಹೆಸರು ಹಿಡಿದು ಗುರುತಿಸಬಹುದಾದ ಮುಖಗಳು ಬಹುಪಾಲು ಬ್ರಿಟಿಷ್ ಅಧಿಕಾರಿಗಳವೇ. 1799ರ ಮೇ 4ರ ಮಧ್ಯಾಹ್ನ ಒಡೆದ ಗೋಡೆಗೆ ನುಗ್ಗಿದ ಸುಮಾರು 4,400 ಜನರಲ್ಲಿ ಹೆಚ್ಚುಕಡಿಮೆ 1,900 ಜನ ಈ ನೆಲದ ಸಿಪಾಯಿಗಳು. ಅವರ ಮುಖಗಳನ್ನು ಕೊಳ್ಳುವವರು ಲಂಡನ್ನಿನಲ್ಲಿ ಇರಲಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಮಳವಳ್ಳಿಯದು. ಮಾರ್ಚ್ 27ರಂದು ಅಲ್ಲಿ ನಡೆದ ಬಯಲು ಕಾಳಗವೇ ಬ್ರಿಟಿಷ್ ಸೇನಾಪತಿ ಹ್ಯಾರಿಸನ ದಂಡಿಗೆ ದಾರಿ ಬಿಟ್ಟುಕೊಟ್ಟದ್ದು. ಅಲ್ಲಿಂದ ಅದು ದಕ್ಷಿಣಕ್ಕೆ ಹೊರಳಿ ಸೋಸಲೆಯ ಬಳಿ ಕಾವೇರಿ ದಾಟಿತು. ಏಪ್ರಿಲ್ 5ರ ಹೊತ್ತಿಗೆ ಪಟ್ಟಣದ ಮುಂದೆ ಬೀಡುಬಿಟ್ಟಿತ್ತು. ಮಳೆಗೆ ಮುಂಚೆ, ಹೊಳೆಯಲ್ಲಿ ನೀರು ಇಳಿದಿರುವಾಗಲೇ ಕೋಟೆ ಬೀಳಬೇಕೆಂಬ ಅವಸರ ಇದರ ಹಿಂದಿತ್ತು. ಶತ್ರುವಿಗೆ ಉಪಯೋಗವಾಗದಿರಲೆಂದು ಟಿಪ್ಪುವೇ ಹಿಂದೆಗೆಯುವಾಗ ಮಳವಳ್ಳಿಯನ್ನು ಹಾಳುಗೆಡವಿದ. ಮದ್ದೂರಿನ ಕೋಟೆಯನ್ನು 1791ರಲ್ಲೇ ಕಾರ್ನ್‌ವಾಲಿಸ್ ಕೆಡವಿಸಿದ್ದ. ಸುಟ್ಟ ಊರು, ಒಣಗಿದ ಹೊಳೆ, ಮೇವಿಲ್ಲದ ಎತ್ತು — ಯುದ್ಧವನ್ನು ತೀರ್ಮಾನಿಸಿದ ಇವು ಯಾವುದೂ ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ. ತೂಗುಹಾಕಿದ್ದು ಒತ್ತೆಯಾದ ರಾಜಕುಮಾರರು, ಕೋಟೆಯ ಲಗ್ಗೆ, ಸುಲ್ತಾನನ ಶವ. ಈ ಮೂರನೆಯದನ್ನು 1839ರಲ್ಲಿ ಡೇವಿಡ್ ವಿಲ್ಕಿ ಬರೆದದ್ದು ಲಗ್ಗೆಯ ಮುಂದಾಳು ಬೇರ್ಡ್‌ನ ವಿಧವೆಗಾಗಿ. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಪಟ್ಟಣದಲ್ಲಿ ಬಂದಿಯಾಗಿದ್ದ ಬೇರ್ಡ್ ಶವದ ಬಳಿ ನಿಂತಿದ್ದಾನೆ. ಅವನ ಕಾಲಡಿ ಒಂದು ನೆಲಮಾಳಿಗೆಯ ಜಾಲರಿ, ಅವನ ಹಳೆಯ ಸೆರೆಮನೆಯ ನೆನಪಿಗೆ. ಸೇಡು ತೀರಿತೆಂದು ತೋರಿಸಲು ಎರಡು ಬೇರೆ ಜಾಗಗಳನ್ನು ಒಂದೇ ಮೂಲೆಗೆ ತರಲಾಗಿದೆ.

ಹಾಗಾದರೆ ಟಿಪ್ಪುವಿನ ಬೇಸಿಗೆ ಮಹಲಾದ ದರಿಯಾ ದೌಲತ್‌ನ ಗೋಡೆಚಿತ್ರ ನಿಷ್ಪಕ್ಷಪಾತವೇ ಎಂದು ಕೇಳಬಹುದು. ಅಲ್ಲ. 1780ರ ಪೊಳ್ಳಿಲೂರು ಗೆಲುವಿನ ಆ ಚಿತ್ರದಲ್ಲಿ ಹೈದರ್, ಟಿಪ್ಪು ಸವಾರಿಯಲ್ಲಿ ನಿಶ್ಚಿಂತರು. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ದಳಪತಿ ಬೇಯ್ಲಿ ಬಾಯಿಗೆ ಬೆರಳಿಟ್ಟಿದ್ದಾನೆ, ಅವನ ಮದ್ದಿನ ಗಾಡಿ ಸಿಡಿಯುತ್ತಿದೆ. ಅದೂ ದರ್ಬಾರಿನ ಹೆಮ್ಮೆಯೇ. ಸುಣ್ಣ ಬಳಿಸಿಕೊಂಡು, ವೆಲ್ಲೆಸ್ಲಿಯ ಕಾಲದಲ್ಲೂ ಡಾಲ್‌ಹೌಸಿಯ ಕಾಲದಲ್ಲೂ ಮತ್ತೆ ಬರೆಸಿಕೊಂಡ ಗೋಡೆಯದು. ಹಾಗಾಗಿ ಮೂಲದ ಕೈ ಎಷ್ಟು ಉಳಿದಿದೆಯೆಂಬ ಪ್ರಶ್ನೆ ಇದ್ದೇ ಇದೆ. ಆದರೂ ಒಂದು ವ್ಯತ್ಯಾಸ ನನಗೆ ನಿರ್ಣಾಯಕ. ಗೋಡೆ ಒಂದೇ ಕಡೆ ನಿಂತಿತು, ನೋಡಬೇಕೆಂದವನು ಅಲ್ಲಿಗೇ ಬರಬೇಕು. ತಗಡು ಊರೂರಿಗೆ ಹೋಯಿತು, ಪ್ರತಿಯ ಪ್ರತಿಯಾಗಿ ಪುಸ್ತಕ ಸೇರಿತು, ಕೊನೆಗೆ ಗೋಡೆಯ ಪಕ್ಕದ ಊರಿನ ಮಕ್ಕಳಿಗೂ ಅದೇ ಮೊದಲ ಚಿತ್ರವಾಯಿತು.

ಈ ಅಚ್ಚುಗಳನ್ನು ಹೊರಗಿಡಿ ಎಂದು ನಾನು ಹೇಳಲಾರೆ. ಕೋಟೆಯೊಳಗಿನ ಟಿಪ್ಪುವಿನ ಅರಮನೆಯೇ ಈಗಿಲ್ಲ, ಅದರ ತೇಗದ ತೊಲೆಗಳು ಊಟಿಯ ಚರ್ಚಿಗೆ ಹೋದವು. ಕಳೆದುಹೋದ ಪಟ್ಟಣದ ಆಕಾರಕ್ಕೆ ಹೋಮ್, ಅಲನ್, ಕೋಲ್‌ಬ್ರೂಕ್‌ರ ಗೆರೆಗಳಿಲ್ಲದೆ ಗತಿಯಿಲ್ಲ. ಬೇಕಾದದ್ದು ಇಷ್ಟೇ: ಪಠ್ಯದಲ್ಲಾಗಲಿ ವಸ್ತುಸಂಗ್ರಹಾಲಯದಲ್ಲಾಗಲಿ ಇಂಥ ಚಿತ್ರ ಹಾಕುವವರು ಅದರ ಕೆಳಗೆ ಬರೆದವನ ಹೆಸರು, ಕೊರೆದವನ ಹೆಸರು, ಅಚ್ಚಾದ ಊರು ಮತ್ತು ವರ್ಷ, ಬರೆದವನು ಕಾವೇರಿಯನ್ನು ಕಂಡಿದ್ದನೋ ಇಲ್ಲವೋ ಎಂಬುದನ್ನು ದಯವಿಟ್ಟು ನಮೂದಿಸಲಿ.