ಉಪ್ಪಿಲ್ಲದ ಮೂವತ್ತು ತಿಂಗಳು

ಆಫ್ರಿಕದಲ್ಲಿ ಯುದ್ಧ ಎಂದೊಡನೆ ನಮ್ಮಲ್ಲಿ ಅನೇಕರು, "ಅದೇನು ಬಿಡಿ, ಅಲ್ಲಿನ ಬುಡಕಟ್ಟುಗಳು ಮೊದಲಿನಿಂದಲೂ ಹಾಗೇ ಹೊಡೆದಾಡಿಕೊಂಡು ಬಂದಿವೆ" ಎಂದು ಮಾತು ಮುಗಿಸಿಬಿಡುತ್ತಾರೆ. ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿರುವ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನೈಜೀರಿಯದ ನೆನಪಾಗುತ್ತದೆ. ಅಲ್ಲಿ 1967ರಿಂದ 1970ರವರೆಗೆ ನಡೆದ ಬಯಾಫ್ರಾ ಯುದ್ಧದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಂತೆ ನನಗೆ ತಿಳಿದದ್ದು ಬೇರೆಯೇ. ಆ ದ್ವೇಷ ಅಜ್ಜ ಮುತ್ತಜ್ಜಂದಿರ ಕಾಲದ್ದಲ್ಲ. ಯಾರು ಎಷ್ಟು ಜನ, ಯಾರಿಗೆ ಎಷ್ಟು ಕೆಲಸ, ಯಾರಿಗೆ ಎಷ್ಟು ಪಾಲು ಎಂಬ ಲೆಕ್ಕದಲ್ಲಿ ಅದು ಬೆಳೆಯಿತು. ಲೆಕ್ಕ ಹಾಕಿದವರು ಅಧಿಕಾರದಲ್ಲಿದ್ದವರು. ಬೆಲೆ ತೆತ್ತವರು ಮನೆ ನಡೆಸುತ್ತಿದ್ದ ಹೆಂಗಸರು ಮತ್ತು ಅವರ ಮಕ್ಕಳು.

ನೈಜೀರಿಯ ಎಂಬ ಹೆಸರಿಗೇ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. 1897ರಲ್ಲಿ ಫ್ಲೋರಾ ಶಾ ಎಂಬ ಪತ್ರಕರ್ತೆ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ, ನೈಜರ್ ನದಿಯನ್ನು ನೆನೆದು, ಆ ಹೆಸರನ್ನು ಸೂಚಿಸಿದಳು. ಮುಂದೆ ಅವಳ ಕೈಹಿಡಿದ ಲುಗಾರ್ಡ್ ಎಂಬ ಅಧಿಕಾರಿ 1914ರಲ್ಲಿ ಉತ್ತರ ದಕ್ಷಿಣಗಳನ್ನು ಕೂಡಿಸಿ ಒಂದೇ ವಸಾಹತು ಮಾಡಿದ. ಹೆಸರಿಟ್ಟವಳು ಹೆಂಡತಿ, ಒಲೆ ಹೂಡಿದವನು ಗಂಡ. ಮನೆಯೊಳಗೆ ಬಾಳಬೇಕಾದವರನ್ನು ಮಾತ್ರ ಯಾರೂ ಕೇಳಲಿಲ್ಲ. ಉತ್ತರದಲ್ಲಿ ಹೌಸಾ ಮತ್ತು ಫುಲಾನಿ ಜನ, ನೈರುತ್ಯದಲ್ಲಿ ಯೊರೂಬಾ, ಆಗ್ನೇಯದಲ್ಲಿ ಇಗ್ಬೋ. ಇವರ ನಡುವೆ ಇನ್ನೂರಕ್ಕೂ ಹೆಚ್ಚು ಸಣ್ಣಪುಟ್ಟ ಭಾಷೆಗಳ ಜನ.

ಬ್ರಿಟಿಷರು ಉತ್ತರದಲ್ಲಿ ಅಲ್ಲಿನ ಅಮೀರರ ಮೂಲಕವೇ ಆಳಿದರು. ಮುಸ್ಲಿಂ ಪ್ರದೇಶಗಳಿಂದ ಕ್ರೈಸ್ತ ಮಿಷನರಿಗಳನ್ನು ಬಹುಮಟ್ಟಿಗೆ ದೂರವಿಟ್ಟರು. ಹಾಗಾಗಿ ಇಂಗ್ಲಿಷ್ ಶಾಲೆಗಳು ದಕ್ಷಿಣದಲ್ಲಿ ಸಾಲುಸಾಲಾಗಿ ಎದ್ದವು, ಉತ್ತರದಲ್ಲಿ ಬೆರಳೆಣಿಕೆಯಷ್ಟೇ ಉಳಿದವು. ಓದು ಕಲಿತ ಇಗ್ಬೋ ಹುಡುಗರು ಉತ್ತರದ ಊರುಗಳಿಗೆ ಗುಮಾಸ್ತರಾಗಿ, ರೈಲ್ವೆ ನೌಕರರಾಗಿ, ಅಂಚೆಯವರಾಗಿ, ಅಂಗಡಿಕಾರರಾಗಿ ಹೋದರು. ಕಾನೋದಂಥ ಪಟ್ಟಣಗಳಲ್ಲಿ ಹಳೆಯ ಕೋಟೆಯ ಹೊರಗೆ 'ಸಬೊನ್ ಗರಿ' ಎಂಬ ಪ್ರತ್ಯೇಕ ಬಡಾವಣೆಯಲ್ಲಿ ಅವರ ವಾಸ. ಹೌಸಾ ಭಾಷೆಯಲ್ಲಿ ಹಾಗೆಂದರೆ ಹೊಸಪೇಟೆ. ಸಂತೆಯಲ್ಲಿ ಪರಸ್ಪರ ಕಾಣುತ್ತಿದ್ದರು, ವ್ಯಾಪಾರ ಮಾಡುತ್ತಿದ್ದರು. ಮಕ್ಕಳು ಮಾತ್ರ ಒಂದೇ ಬೆಂಚಿನ ಮೇಲೆ ಕೂತು ಕಲಿಯಲಿಲ್ಲ. ಶಿಕ್ಷಕಿಯಾದ ನನಗೆ ಈ ಕಥೆಯಲ್ಲಿ ಮೊದಲು ಚುಚ್ಚುವ ಸಂಗತಿ ಇದೇ.

1960ರ ಅಕ್ಟೋಬರ್ 1ರಂದು ದೇಶ ಸ್ವತಂತ್ರವಾಯಿತು. ಪ್ರಧಾನಿಯಾದ ಅಬೂಬಕರ್ ತಫಾವಾ ಬಲೇವಾ ಅವರೂ ಮೊದಲು ಶಾಲಾ ಮಾಸ್ತರರೇ. ಆದರೆ ಜನಸಂಖ್ಯೆಯ ಮೇಲೆ ಸೀಟು ಹಂಚಿದ್ದರಿಂದ ಸಂಸತ್ತಿನ 312 ಸ್ಥಾನಗಳಲ್ಲಿ 174 ಉತ್ತರಕ್ಕೇ ಸೇರಿದ್ದವು. 1962ರಲ್ಲಿ ಜನಗಣತಿ ನಡೆದಾಗ ದಕ್ಷಿಣದವರ ಸಂಖ್ಯೆ ಹೆಚ್ಚೆಂದು ಮಾತು ಹಬ್ಬಿತು. ಗಲಾಟೆಯಾಗಿ ಆ ಎಣಿಕೆಯೇ ರದ್ದಾಯಿತು. 1963ರಲ್ಲಿ ಮತ್ತೆ ಎಣಿಸಿದಾಗ ದೇಶದ ಒಟ್ಟು ಜನ 5.56 ಕೋಟಿ, ಅದರಲ್ಲಿ ಸುಮಾರು 2.98 ಕೋಟಿ ಉತ್ತರದವರು ಎಂದಾಯಿತು. ದಕ್ಷಿಣದ ಅನೇಕರು ಅದನ್ನು ನಂಬಲಿಲ್ಲ. 2001ರಲ್ಲೂ 2011ರಲ್ಲೂ ಪಟ್ಟಿ ಹಿಡಿದು ಮನೆಮನೆ ಅಲೆದವಳು ನಾನು. ಹೊಸಿಲ ಮೇಲೆ ಕೂತು "ಮನೆಯಲ್ಲಿ ಎಷ್ಟು ಜನ ತಾಯಿ?" ಎಂದು ಕೇಳುವ ಆ ಸಾಧಾರಣ ಪ್ರಶ್ನೆ ಒಂದು ದೇಶವನ್ನು ಒಡೆಯುವಷ್ಟು ದೊಡ್ಡದಾಗಬಲ್ಲದೆಂದು ಆಗ ನನಗೆ ಹೊಳೆದಿರಲಿಲ್ಲ.

1966ರ ಜನವರಿ 15ರಂದು ಕೆಲವು ಯುವ ಸೇನಾಧಿಕಾರಿಗಳು ದಂಗೆಯೆದ್ದರು. ಭ್ರಷ್ಟ ರಾಜಕಾರಣಿಗಳನ್ನು ಕಿತ್ತೊಗೆಯುತ್ತೇವೆ ಎಂಬುದು ಅವರ ಮಾತು. ಬಲೇವಾ, ಉತ್ತರದ ಮುಖ್ಯಮಂತ್ರಿ ಅಹ್ಮದು ಬೆಲ್ಲೊ, ಪಶ್ಚಿಮದ ಮುಖ್ಯಮಂತ್ರಿ ಅಕಿಂಟೋಲಾ ಕೊಲೆಯಾದರು. ದಂಗೆಕೋರರಲ್ಲಿ ಹೆಚ್ಚಿನವರು ಇಗ್ಬೋಗಳು. ಇಗ್ಬೋ ನಾಯಕರು ಮಾತ್ರ ಬದುಕುಳಿದರು. ಅಧಿಕಾರ ಹಿಡಿದ ಸೇನಾಪತಿ ಇರೋನ್ಸಿಯೂ ಇಗ್ಬೋ. ಉತ್ತರದವರಿಗೆ ಅನುಮಾನ ಬರಲು ಇಷ್ಟು ಸಾಕಾಯಿತು. ವಿಚಿತ್ರವೆಂದರೆ, ದಂಗೆಯ ಮುಂದಾಳು ಮೇಜರ್ ಎನ್ಝೆಗ್ವು ಹುಟ್ಟಿ ಬೆಳೆದದ್ದು ಉತ್ತರದ ಕಡುನಾ ಪಟ್ಟಣದಲ್ಲಿ. ಹೌಸಾ ಅವನಿಗೆ ನೀರು ಕುಡಿದಷ್ಟು ಸಲೀಸು. ಜುಲೈ 29ರಂದು ಉತ್ತರದ ಸೈನಿಕರು ತಿರುಗಿಬಿದ್ದು ಇರೋನ್ಸಿಯನ್ನು ಕೊಂದರು. ಮೂವತ್ತೊಂದು ವರ್ಷದ ಯಾಕುಬು ಗೊವಾನ್ ದೇಶದ ಮುಖ್ಯಸ್ಥನಾದ.

ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಉತ್ತರದ ಊರುಗಳಲ್ಲಿ ಇಗ್ಬೋಗಳ ಸಾಮೂಹಿಕ ಕೊಲೆ ನಡೆಯಿತು. ಸತ್ತವರು ಕೆಲವು ಸಾವಿರ ಎನ್ನುವವರಿಂದ 30,000 ಎನ್ನುವವರವರೆಗೂ ಇದ್ದಾರೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಗೆ ಸಿಕ್ಕಿದ್ದನ್ನು ಗಂಟುಕಟ್ಟಿಕೊಂಡು ರೈಲು ಲಾರಿಗಳಲ್ಲಿ ಪೂರ್ವಕ್ಕೆ ಓಡಿಬಂದರು. ನಮ್ಮ ದೇಶದ ವಿಭಜನೆಯ ರೈಲುಗಳ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1967ರ ಮೇ 27ರಂದು ಗೊವಾನ್ ದೇಶವನ್ನು ಹನ್ನೆರಡು ರಾಜ್ಯಗಳಾಗಿ ಹಂಚಿದ. ಪೂರ್ವದ ಪೆಟ್ರೋಲಿಯಂ ಇರುವ ಕರಾವಳಿ ಇಗ್ಬೋ ರಾಜ್ಯದಿಂದ ಹೊರಗುಳಿಯಿತು. ಮೂರು ದಿನಗಳ ನಂತರ, ಮೇ 30ರಂದು, ಪೂರ್ವದ ಸೇನಾ ರಾಜ್ಯಪಾಲ ಒಜುಕ್ವು ಬಯಾಫ್ರಾ ಎಂಬ ಪ್ರತ್ಯೇಕ ದೇಶವನ್ನು ಘೋಷಿಸಿದ. ಆದರೆ ಆ ಬಯಾಫ್ರಾದೊಳಗೂ ಎಲ್ಲರೂ ಇಗ್ಬೋಗಳಲ್ಲ. ಎಫಿಕ್, ಇಬಿಬಿಯೊ, ಇಜಾವ್, ಒಗೋನಿ ಮೊದಲಾದ ಜನರಿದ್ದರು. ಹೌಸಾಗಳಿಗೆ ಇಗ್ಬೋಗಳು ಹೆದರಿದಂತೆ ಇವರಲ್ಲಿ ಹಲವರು ಇಗ್ಬೋಗಳಿಗೆ ಹೆದರುತ್ತಿದ್ದರು. ಬೇಲಿ ಹಾಕಿ ಬೇರೆಯಾದರೂ ಬೇಲಿಯೊಳಗೆ ಮತ್ತೊಬ್ಬ ಸಣ್ಣವನು ಇದ್ದೇ ಇರುತ್ತಾನೆ ಎನ್ನುವುದನ್ನು ಅವಿಭಕ್ತ ಕುಟುಂಬದಲ್ಲಿ ಬಾಳಿದ ನಮ್ಮಂಥ ಹೆಂಗಸರು ಬೇಗ ಅರ್ಥಮಾಡಿಕೊಳ್ಳಬಲ್ಲೆವು.

ಜುಲೈ 6ರಂದು ಯುದ್ಧ ಶುರುವಾಯಿತು. ಅಕ್ಟೋಬರ್ ತಿಂಗಳಲ್ಲಿ ನೈಜರ್ ನದಿಯ ದಡದ ಅಸಾಬಾ ಪಟ್ಟಣಕ್ಕೆ ಸರ್ಕಾರಿ ಸೈನ್ಯ ನುಗ್ಗಿತು. ಅಲ್ಲಿನವರು ಇಗ್ಬೋ ಮಾತಾಡುವವರೇ ಆದರೂ ಬಯಾಫ್ರಾದ ಗಡಿಯ ಹೊರಗಿದ್ದರು. ತಾವು ದೇಶದ ಪರ ಎಂದು ತೋರಿಸಲು ಹಬ್ಬದ ಬಿಳಿ ಬಟ್ಟೆಯುಟ್ಟು, "ಒಂದೇ ನೈಜೀರಿಯ" ಎಂದು ಹಾಡಿ ಕುಣಿಯುತ್ತ ಬೀದಿಗೆ ಬಂದರು. ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿ ಗುಂಡಿಟ್ಟು ಕೊಂದರು. ಆ ದಿನಗಳಲ್ಲಿ ನೂರಾರು ಜನ ಸತ್ತರು. ಎಷ್ಟೋ ಮನೆಗಳಲ್ಲಿ ಹೆಣ ಹೊರಲು ಗಂಡಸರೇ ಉಳಿಯಲಿಲ್ಲ.

1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಬಿದ್ದಮೇಲೆ ಬಯಾಫ್ರಾಕ್ಕೆ ಸಮುದ್ರದ ದಾರಿಯೇ ಮುಚ್ಚಿತು. ಆ ನೆಲದಲ್ಲಿ ಮರಗೆಣಸೂ ಸುವರ್ಣಗೆಡ್ಡೆಯಂಥ ಗೆಡ್ಡೆಗಳೂ ಬೆಳೆಯುತ್ತಿದ್ದವು. ಮಾಂಸ ಮತ್ತು ಕಾಳು ಬರುತ್ತಿದ್ದದ್ದು ಉತ್ತರದಿಂದ, ಒಣಮೀನು ದೂರದ ನಾರ್ವೆಯಿಂದ. ಮೂರೂ ನಿಂತವು. ಹೊಟ್ಟೆ ತುಂಬಿಸಲು ಗೆಡ್ಡೆ ಇದ್ದರೂ ಮಕ್ಕಳ ಕೈಕಾಲು ಬಾತುಕೊಂಡವು, ಕೂದಲು ಕೆಂಚಾಯಿತು. ವಿಜ್ಞಾನದ ಪಾಠದಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಕ್ವಾಶಿಯೋರ್ಕರ್ ಇದೇ. ಈ ಹೆಸರನ್ನು 1930ರ ದಶಕದಲ್ಲಿ ವೈದ್ಯಶಾಸ್ತ್ರಕ್ಕೆ ತಂದವರು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ. ಘಾನಾದ ಗಾ ಭಾಷೆಯ ತಾಯಂದಿರ ಬಾಯಿಂದ ಅವರು ಕೇಳಿದ ಮಾತು ಅದು. ಇನ್ನೊಂದು ಮಗು ಹುಟ್ಟಿ, ಎದೆಹಾಲು ಬಿಡಿಸಿದ ಮೊದಲ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಬಯಾಫ್ರಾದಲ್ಲಿ ಅದಕ್ಕೆ ಇನ್ನೊಂದು ಮಗು ಹುಟ್ಟಬೇಕಾಗಿರಲಿಲ್ಲ.

ಉಪ್ಪಿನ ಮಾತು ಹೇಳಲೇಬೇಕು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಸಾರಿಗೆ ಒಂದು ಚಿಟಿಕೆ ಕಡಿಮೆಯಾದರೆ ತಟ್ಟೆ ತಳ್ಳಿ ಏಳುವವರು ನಮ್ಮ ಮನೆಗಳಲ್ಲಿದ್ದಾರೆ. ಬಯಾಫ್ರಾದಲ್ಲಿ ಉಪ್ಪು ಚಿನ್ನದಂತಾಯಿತು. ಆಗ ಹೆಂಗಸರೇ ಹೊರಟರು. ಗಂಡಸರು ಕಂಡರೆ ಯಾವುದಾದರೊಂದು ಸೈನ್ಯ ಹಿಡಿಯುತ್ತಿತ್ತು. ಹೆಂಗಸರು ರಾತ್ರಿಯ ಹೊತ್ತು ಕಾಡು, ಹೊಳೆ, ಗುಂಡಿನ ಸದ್ದು ದಾಟಿ ಶತ್ರುವಿನ ಕಡೆಯ ಸಂತೆಗೆ ಹೋಗಿ ಉಪ್ಪು, ಮೀನು, ಬಟ್ಟೆ ತಂದು ಮಾರಿದರು. ಇದಕ್ಕೆ 'ಅಹಿಯಾ ಅಟ್ಯಾಕ್' ಎಂದು ಹೆಸರಾಯಿತು. ಅಹಿಯಾ ಎಂದರೆ ಇಗ್ಬೋ ಭಾಷೆಯಲ್ಲಿ ಸಂತೆ. ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಆ ಕಡೆ ಅವರಿಗೆ ಉಪ್ಪು ಮಾರಿದವರೂ ಯಾರೋ ತಾಯಂದಿರೇ ಇರಬೇಕು ಎಂದು ನನಗೆ ಅನಿಸುತ್ತದೆ.

ಹೊರಜಗತ್ತು ಹಸಿದ ಮಕ್ಕಳ ಚಿತ್ರಗಳನ್ನು 1968ರ ನಡುವಿನಲ್ಲಿ ಪತ್ರಿಕೆಗಳಲ್ಲಿ ಕಂಡಿತು. ಉಲಿ ಎಂಬಲ್ಲಿ ಹೆದ್ದಾರಿಯ ತುಂಡೊಂದನ್ನೇ ಅಗಲ ಮಾಡಿ, ಕತ್ತಲಲ್ಲಿ ವಿಮಾನ ಇಳಿಸಿದರು. ಚರ್ಚುಗಳ ಒಕ್ಕೂಟವೇ 5,000ಕ್ಕೂ ಹೆಚ್ಚು ಬಾರಿ ಆಹಾರ, ಔಷಧಿ ಹೊತ್ತು ಹಾರಿತು. ಆದರೆ ಆಹಾರದ ಹಾದಿಯೂ ಜಗಳದ ವಸ್ತುವಾಯಿತು. ನಾವು ತಪಾಸಣೆ ಮಾಡಿ ರಸ್ತೆಯಲ್ಲಿ ಬಿಡುತ್ತೇವೆ ಎಂದಿತು ನೈಜೀರಿಯ ಸರ್ಕಾರ. ವಿಷ ಬೆರೆಸಿಯಾರು, ಆ ದಾರಿಯಲ್ಲೇ ಸೈನ್ಯ ಬಂದೀತು, ರಸ್ತೆ ಬೇಡ ಎಂದಿತು ಬಯಾಫ್ರಾ. ಇತ್ತ ಬ್ರಿಟನ್ ಮತ್ತು ಸೋವಿಯತ್ ರಷ್ಯ ನೈಜೀರಿಯಕ್ಕೆ ಆಯುಧ ಕೊಟ್ಟವು; ಫ್ರಾನ್ಸ್ ಒಳಗಿಂದೊಳಗೇ ಬಯಾಫ್ರಾಕ್ಕೆ ನೆರವಾಯಿತು. 1970ರ ಜನವರಿಯಲ್ಲಿ ಒಜುಕ್ವು ವಿಮಾನವೇರಿ ದೇಶ ಬಿಟ್ಟ. ಅದೇ 15ರಂದು ಯುದ್ಧ ಮುಗಿಯಿತು. ಸತ್ತವರ ಅಂದಾಜು ಹತ್ತು ಲಕ್ಷದಿಂದ ಮೂವತ್ತು ಲಕ್ಷ. ಹೆಚ್ಚಿನವರು ಸತ್ತದ್ದು ಹಸಿವಿನಿಂದ.

"ಗೆದ್ದವರೂ ಇಲ್ಲ, ಸೋತವರೂ ಇಲ್ಲ" ಎಂದು ಗೊವಾನ್ ಸಾರಿದ. ಸಾಮೂಹಿಕ ಶಿಕ್ಷೆ ನಡೆಯಲಿಲ್ಲ, ಅದು ದೊಡ್ಡ ಮಾತೇ. ಆದರೆ ಬಯಾಫ್ರಾದವರ ಬ್ಯಾಂಕು ಖಾತೆಯಲ್ಲಿ ಎಷ್ಟೇ ಹಣವಿದ್ದಿರಲಿ, ಕೈಗೆ ಬಂದದ್ದು 20 ಪೌಂಡು. ಪೋರ್ಟ್ ಹಾರ್ಕೋರ್ಟಿನಲ್ಲಿ ಬಿಟ್ಟುಹೋದ ಮನೆಗಳನ್ನು 'ವಾರಸುದಾರರಿಲ್ಲದ ಆಸ್ತಿ' ಎಂದರು. ಹೊಟ್ಟೆ ಬಟ್ಟೆ ಕಟ್ಟಿ ನಾಲ್ಕು ಕಾಸು ಕೂಡಿಟ್ಟ ಯಾವ ಗೃಹಿಣಿ ತಾನು ಸೋತಿಲ್ಲ ಎಂದು ಒಪ್ಪಿಯಾಳು?

ಯುದ್ಧದ ಕಾಲದಲ್ಲಿ ಗ್ಯಾಬೊನ್, ಐವರಿ ಕೋಸ್ಟ್ ದೇಶಗಳಿಗೆ ಕಳಿಸಿದ್ದ ಸಾವಿರಾರು ಮಕ್ಕಳನ್ನು ಮರಳಿ ಕರೆತಂದು ತಾಯ್ತಂದೆಯರನ್ನು ಹುಡುಕುವ ಕೆಲಸ ಬಾಕಿಯಿತ್ತು. ಆ ಹೊತ್ತಿನಲ್ಲಿ ಪೂರ್ವ-ಮಧ್ಯ ರಾಜ್ಯದ ಆರೋಗ್ಯ, ಸಮಾಜ ಕಲ್ಯಾಣಗಳ ಹೊಣೆ ಹೊತ್ತವರು ಫ್ಲೋರಾ ಎನ್ವಾಪಾ. ಒಮ್ಮೆ ಶಾಲಾ ಶಿಕ್ಷಕಿಯಾಗಿದ್ದವರು, 1966ರಲ್ಲೇ ಕಾದಂಬರಿ ಪ್ರಕಟಿಸಿದವರು. 1975ರಲ್ಲಿ ಅವರು ಯುದ್ಧದ ಕುರಿತೂ ಬರೆದರು. ಬುಚಿ ಎಮೆಚೆಟಾ 1982ರಲ್ಲಿ ಬರೆದರು. ಯುದ್ಧದಲ್ಲಿ ಇಬ್ಬರು ಅಜ್ಜಂದಿರನ್ನೂ ಕಳೆದುಕೊಂಡ ಮನೆಯಲ್ಲಿ 1977ರಲ್ಲಿ ಹುಟ್ಟಿದ ಚಿಮಮಾಂಡ ಅಡೀಚಿ 2006ರಲ್ಲಿ ಬರೆದರು. ಮಾತಾಡಲು ಜನ ಹಿಂಜರಿದ ಸಂಗತಿಯನ್ನು ಹೆಂಗಸರು ಹೀಗೆ ಕಾಪಿಟ್ಟರು.

ಎಪ್ಪತ್ತರ ದಶಕದಲ್ಲಿ ಪೆಟ್ರೋಲಿಯಂ ಹಣ ಹರಿದು ಶಾಲೆಗಳು ತೆರೆದಾಗ ಭಾರತದಿಂದಲೂ ಶಿಕ್ಷಕರು ನೈಜೀರಿಯಕ್ಕೆ ಹೋದರು. ಹಾಗೆ ಹೋಗಿ ಬಂದ ನಮ್ಮೂರಿನ ಹಿರಿಯ ಮೇಷ್ಟ್ರೊಬ್ಬರು, "ಸ್ಟಾಫ್ ರೂಮಿನಲ್ಲಿ ಆ ಯುದ್ಧದ ಸುದ್ದಿ ಯಾರೂ ಎತ್ತುತ್ತಿರಲಿಲ್ಲಮ್ಮ" ಎಂದು ನನಗೆ ಹೇಳಿದ್ದರು. 2007ರ ಪಠ್ಯಕ್ರಮದಲ್ಲಂತೂ ಅಲ್ಲಿನ ಕೆಳ ತರಗತಿಗಳಲ್ಲಿ ಇತಿಹಾಸವನ್ನು ಪ್ರತ್ಯೇಕ ವಿಷಯವಾಗಿ ಕೈಬಿಟ್ಟರು. ಸುಮಾರು ಒಂದು ದಶಕದ ಮೇಲೆ ಮರಳಿ ತರಲು ತೀರ್ಮಾನಿಸಿದರು. ಕಾನೋದ ಒಂದು ತರಗತಿಯಲ್ಲಿ ಹೌಸಾ ಮಗುವೂ ಇಗ್ಬೋ ಮಗುವೂ ಅಕ್ಕಪಕ್ಕ ಕೂತಿರುವಾಗ ಅಲ್ಲಿನ ಶಿಕ್ಷಕಿ ಈ ಪಾಠವನ್ನು ಎಲ್ಲಿಂದ ಶುರುಮಾಡಬೇಕು? ನನ್ನನ್ನು ಕೇಳಿದರೆ, ದಂಗೆಯ ಮೇಜರುಗಳಿಂದ ಬೇಡ ಎನ್ನುತ್ತೇನೆ. ಕತ್ತಲಲ್ಲಿ ಹೊಳೆ ದಾಟಿ ಉಪ್ಪು ತರಲು ಹೊರಟ ಆ ತಾಯಿಯಿಂದ ಶುರುಮಾಡಲಿ. ಅವಳು ಯಾಕೆ ಹಾಗೆ ಹೋಗಬೇಕಾಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.